ಶಾಸನದ ಮಾತು, ಸಮನ್ಸಿನ ಮಾತು: ಕಲ್ಲಿನಲ್ಲೂ ಕೋರ್ಟಿನಲ್ಲೂ ಸಿಗುವ ಕೆಲವು ಪದಗಳು

ಹೋದ ವರ್ಷ ದೀಪಾವಳಿ ಮುಗಿದ ವಾರ ನನ್ನ ಸೋದರತ್ತೆ ಹಟ್ಟಿಗೆ ಬಂದಿದ್ದರು. ಮಸ್ಕಿ ಕಡೆಯ ಹಳ್ಳಿಯವರು. ವಯಸ್ಸು ಎಪ್ಪತ್ತರ ಹತ್ತಿರ, ಮಾವ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಊಟ ಆದ ಮೇಲೆ ಕೈಚೀಲದಿಂದ ಮಡಚಿ ಮಡಚಿ ಹರಿಯೋಕೆ ಬಂದಿದ್ದ ಒಂದು ಕಾಗದ ತೆಗೆದರು. "ತಮ್ಮಾ, ನೀ ಕಲ್ಲಿನ ಮ್ಯಾಲಿಂದು ಓದ್ತೀಯಂತ ಊರಾಗೆಲ್ಲ ಹೇಳ್ತಾರ. ಇದು ಕಾಗದದ ಮ್ಯಾಲ ಐತಿ. ಓದಿ ಹೇಳು" ಅಂದರು.

ಅದು ಸಿವಿಲ್ ಕೋರ್ಟಿನ ಸಮನ್ಸ್. ಮಾವನ ಅಣ್ಣನ ಮಗ ಹೊಲದಲ್ಲಿ ಪಾಲು ಕೇಳಿ ದಾವೆ ಹಾಕಿದ್ದ. ಅತ್ತೆ 2ನೇ ಪ್ರತಿವಾದಿ. ಗಣೇಶನ ಹಬ್ಬದ ಹೊತ್ತಿಗೆ ಹೆಬ್ಬೆಟ್ಟು ಒತ್ತಿ ತಗೊಂಡದ್ದು, ಟ್ರಂಕಿನಲ್ಲಿ ಹಾಗೇ ಇಟ್ಟಿದ್ದಾರೆ. ಹಾಜರಾಗಬೇಕಿದ್ದ ದಿನ ಕಳೆದು ಒಂದು ತಿಂಗಳು ಆಗಿತ್ತು. ಯಾಕ್ ಅತ್ತಿ ಯಾರಿಗೂ ಹೇಳಲಿಲ್ಲ ಅಂದೆ. "ಪ್ರತಿವಾದಿ ಅಂತ ಬರದೈತಿ ಅಂತ ಕೋರ್ಟಿಂದ ಬಂದಾಂವ ಹೇಳಿದ. ನಾ ಏನು ಕಳುವು ಮಾಡೀನೇನು? ಮಂದಿ ಮುಂದ ಹೆಂಗ ಹೇಳ್ಲಿ?" ಅಂದರು.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಶಾಸನ ಓದೋದು ರಜಾ ದಿನದ ಹವ್ಯಾಸ, ಯಾರ ಬಳಿಯೂ ಪಾಠ ಹೇಳಿಸಿಕೊಂಡವನಲ್ಲ. ಹನ್ನೆರಡನೇ ಶತಮಾನದ ಒಂದು ದಾನಶಾಸನವನ್ನು ಸಂಪುಟದ ಸಹಾಯವಿಲ್ಲದೆ ಮುಕ್ಕಾಲು ಭಾಗ ಬಿಡಿಸಬಲ್ಲೆ. ಆದರೆ ಅವತ್ತು ಆ ಒಂದೂವರೆ ಪುಟದ ಕಾಗದವನ್ನು ಅತ್ತೆಗೆ ತಿಳಿಯುವ ಹಾಗೆ ಹೇಳೋಕೆ ನನಗೆ ಬರಲಿಲ್ಲ. ದಾವೆಗೂ ಫಿರ್ಯಾದಿಗೂ ಏನು ವ್ಯತ್ಯಾಸ, ಪಹಣಿ ಇದ್ದರೆ ಸಾಕೋ ಬೇಡವೋ, ಏಕಪಕ್ಷೀಯ ಅಂದರೆ ಮುಗಿದೇ ಹೋಯಿತೋ, ಯಾವುದೂ ನನಗೆ ಗಟ್ಟಿಯಾಗಿ ಗೊತ್ತಿರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಕೇಳಿ, ಓದಿ ಕಲಿತದ್ದನ್ನು ಶಾಸನಗಳ ಪಕ್ಕದಲ್ಲಿಟ್ಟು ಬರೆದಿದ್ದೇನೆ. ನಾನು ವಕೀಲನಲ್ಲ. ನಿಮ್ಮ ಪ್ರಕರಣಕ್ಕೆ ವಕೀಲರ ಮಾತೇ ಕೊನೆ. ಆದರೆ ಅವರು ಏನು ಹೇಳುತ್ತಿದ್ದಾರೆ ಅಂತ ತಿಳಿಯುವಷ್ಟು ಪದಗಳು ನಮ್ಮ ಕೈಲಿರಬೇಕು.

ಶಾಸನ, ಕಾಯ್ದೆ, ಸುಗ್ರೀವಾಜ್ಞೆ, ಅಧಿಸೂಚನೆ

ನಮ್ಮ ಹವ್ಯಾಸದ ಹೆಸರಿನಿಂದಲೇ ಶುರು ಮಾಡೋಣ. 'ಶಾಸ್' ಎಂಬ ಧಾತುವಿಗೆ ಆಜ್ಞೆ ಮಾಡು, ಕಲಿಸು, ಶಿಕ್ಷಿಸು ಎಂಬ ಅರ್ಥಗಳಿವೆ. ಅದರಿಂದ ಬಂದ ಶಾಸನ ಅಂದರೆ ಕಲ್ಲೂ ಹೌದು, ಕಾನೂನೂ ಹೌದು. ಶಾಸಕ, ಶಾಸಕಾಂಗ, ಶಾಸನಸಭೆ ಎಲ್ಲ ಅಲ್ಲಿಂದಲೇ. ಕೊನೆಗೆ ಉಯಿಲಿಗೂ ನಾವು ಮರಣಶಾಸನ ಅಂತೀವಿ.

ಇವತ್ತಿನ ಲೆಕ್ಕದಲ್ಲಿ, ಶಾಸನಸಭೆ ಅಂಗೀಕರಿಸಿದ ಮಸೂದೆಗೆ ರಾಜ್ಯಪಾಲರ ಅಥವಾ ರಾಷ್ಟ್ರಪತಿಯವರ ಅಂಕಿತ ಬಿದ್ದರೆ ಅದು ಕಾಯ್ದೆ, ಅಂದರೆ ಅಧಿನಿಯಮ. ಕಾಯ್ದೆಯನ್ನು ಜಾರಿ ಮಾಡುವ ವಿವರಗಳನ್ನು ಸರ್ಕಾರ ಬರೆದರೆ ಅದು ನಿಯಮ. ಸದನ ಸೇರಿಲ್ಲದಾಗ ತುರ್ತಿಗೆ ರಾಜ್ಯಪಾಲರು ಹೊರಡಿಸುವುದು ಸುಗ್ರೀವಾಜ್ಞೆ. ಸದನ ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಒಪ್ಪಿಗೆ ಪಡೆಯದಿದ್ದರೆ ಅದು ಬಿದ್ದು ಹೋಗುತ್ತದೆ. ಇಂಥದ್ದು ಇಂದಿನಿಂದ ಜಾರಿ ಅಂತ ರಾಜ್ಯಪತ್ರದಲ್ಲಿ ಪ್ರಕಟಿಸುವುದು ಅಧಿಸೂಚನೆ.

ಅಧಿಸೂಚನೆಗೆ ಒಂದು ಹಳೆಯ ಉದಾಹರಣೆ. ಹದಿನಾರನೇ ಶತಮಾನದ ನಡುವೆ, ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಬಾದಾಮಿಯ ಕೊಂಡೋಜ ಎಂಬ ಕ್ಷೌರಿಕ ರಾಮರಾಜನನ್ನು ಮೆಚ್ಚಿಸಿ ಕ್ಷೌರಿಕರ ಮೇಲಿನ ತೆರಿಗೆಗಳನ್ನು ಬಿಡಿಸಿಕೊಂಡ. ಆ ವಿನಾಯಿತಿಯನ್ನು ಹೇಳುವ ಶಾಸನಗಳು ಹಲವು ಊರುಗಳಲ್ಲಿ ಸಿಕ್ಕಿವೆ. ಆಜ್ಞೆ ರಾಜಧಾನಿಯಲ್ಲಿ ಇದ್ದರೆ ಸಾಲದು. ಸುಂಕದವನು ಬಂದು ಕೇಳಿದಾಗ ಬೆರಳು ತೋರಿಸೋಕೆ ಊರಲ್ಲೇ ಒಂದು ಕಲ್ಲು ಬೇಕು.

ಇಂಜಿನಿಯರ್ ಕಂಡ ಕಲ್ಲು

ನಮ್ಮ ಭಾಗದ ಅತಿ ಹೆಸರಾದ ಕಲ್ಲು ಮಸ್ಕಿಯದು. 1915ರ ಜನವರಿ 27ರಂದು ಅದನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ಗಣಿಯ ಊರಿನ ಇಂಜಿನಿಯರಾದ ನನಗೆ ಈ ಬೀಡನ್ ಮೇಲೆ ಸಣ್ಣದೊಂದು ಅಭಿಮಾನ ಇದೆ, ಮುಚ್ಚಿಡೋದು ಏನಿದೆ.

ಮಸ್ಕಿ ಶಾಸನ ಕಾನೂನಿನ ಪಟ್ಟಿಯಲ್ಲ, ಧರ್ಮದ ಮಾತು. ಆದರೆ ಅದರಲ್ಲಿ ಒಂದು ವಿಷಯ ಸ್ಪಷ್ಟ: ಇದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ ಅನ್ನುತ್ತದೆ. ಸಣ್ಣವನಿಗೆ ಅಲ್ಲಿರುವ ಪ್ರಾಕೃತ ಪದ 'ಖುದಕ', ಸಂಸ್ಕೃತದ ಕ್ಷುದ್ರಕ.

ಕಾನೂನಿನ ಮಾತಿಗೆ ಅಶೋಕನ ಬೇರೆ ಶಾಸನಗಳಿಗೆ ಹೋಗಬೇಕು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದಲ್ಲಿ, 1980ರ ದಶಕದಲ್ಲಿ ದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬರಹ ಸಿಕ್ಕಿತು. ಒರಿಸ್ಸಾದ ಧೌಲಿ, ಜೌಗಡಗಳಲ್ಲಿ ಮಾತ್ರ ಇದ್ದ 'ಪ್ರತ್ಯೇಕ ಶಾಸನ'ಗಳು ಇಲ್ಲೂ ಇವೆ. ಧೌಲಿಯ ಪಾಠದಲ್ಲಿ ಇದನ್ನು ಉದ್ದೇಶಿಸಿದ್ದು 'ನಗಲ ವಿಯೋಹಾಲಕ'ರಿಗೆ, ಅಂದರೆ ನಗರದ ವ್ಯವಹಾರ ನೋಡುವ ನ್ಯಾಯಾಧಿಕಾರಿಗಳಿಗೆ. ಕಾರಣವಿಲ್ಲದೆ ಯಾರೂ ಸೆರೆ ಸೇರಬಾರದು. ಹೊಟ್ಟೆಕಿಚ್ಚು, ಸಿಟ್ಟು, ಅವಸರ, ಸೋಮಾರಿತನ ಇರುವ ಅಧಿಕಾರಿಯಿಂದ ನ್ಯಾಯ ಆಗುವುದಿಲ್ಲ. ಇದು ಅದರ ಸಾರ. ಸ್ತಂಭಶಾಸನವೊಂದರಲ್ಲಿ 'ವಿಯೋಹಾಲ ಸಮತಾ', 'ದಂಡ ಸಮತಾ' ಎಂಬ ಎರಡು ಪದಗಳು ಬರುತ್ತವೆ. ವಿಚಾರಣೆಯೂ ಸಮ, ಶಿಕ್ಷೆಯೂ ಸಮ. ಮರಣದಂಡನೆ ಆದವರಿಗೆ ಮೂರು ದಿನದ ಅವಧಿ ಕೊಟ್ಟದ್ದೂ ಅದೇ ಶಾಸನದಲ್ಲಿದೆ.

ಈಗ ನಮ್ಮ ಸಂವಿಧಾನಕ್ಕೆ ಬನ್ನಿ. 14ನೇ ವಿಧಿ: ಕಾನೂನಿನ ಮುಂದೆ ಎಲ್ಲರೂ ಸಮ. 22ನೇ ವಿಧಿ: ಬಂಧಿಸಿದವನಿಗೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವ್ಯತ್ಯಾಸವೂ ದೊಡ್ಡದೇ. ಅಶೋಕ ಕೊಟ್ಟದ್ದು ಅರಸನ ಕರುಣೆ, ಕೇಳಿ ಪಡೆಯುವ ದಾರಿ ಇರಲಿಲ್ಲ. ಅದೇ ಪ್ರತ್ಯೇಕ ಶಾಸನದಲ್ಲಿ ಎಲ್ಲ ಮನುಷ್ಯರೂ ನನ್ನ 'ಪಜಾ' ಅನ್ನುತ್ತಾನೆ. ಪಜಾ ಅಂದರೆ ಪ್ರಜೆ, ಮೂಲ ಅರ್ಥ ಮಕ್ಕಳು. ನಾಗರಿಕ ಅನ್ನುವ ಪದದಲ್ಲಿ ಆ ಮಗುತನ ಇಲ್ಲ. ನಾಗರಿಕನಿಗೆ ಇರುವುದು ಹಕ್ಕು. ಹಕ್ಕು ತಪ್ಪಿದರೆ ಕೋರ್ಟಿಗೆ ಹೋಗಬಹುದು.

ವ್ಯವಹಾರ: ವಾದಿ, ಪ್ರತಿವಾದಿ, ಫಿರ್ಯಾದಿ, ಆರೋಪಿ

ವ್ಯವಹಾರ ಅಂದರೆ ಈಗ ನಮಗೆ ವ್ಯಾಪಾರ, ಲೇವಾದೇವಿ. ಹಳೆಯ ಧರ್ಮಶಾಸ್ತ್ರದಲ್ಲಿ ಅದಕ್ಕೆ ನ್ಯಾಯವಿಚಾರಣೆ ಎಂಬ ಅರ್ಥ. ಇವತ್ತಿನ ವಿಚಾರಣೆಗಳಲ್ಲಿ ಎರಡು ದಾರಿ ಇವೆ.

ಹೊಲ, ಮನೆ, ಸಾಲ, ಪಾಲು ಇವುಗಳ ಜಗಳ ಸಿವಿಲ್. ಅಲ್ಲಿ ಹಾಕುವುದು ದಾವೆ. ಹಾಕಿದವನು ವಾದಿ, ಯಾರ ಮೇಲೆ ಹಾಕಿದ್ದಾನೋ ಅವರು ಪ್ರತಿವಾದಿ. ಪ್ರತಿವಾದಿ ಅಂದರೆ ಎದುರು ಮಾತಾಡುವವರು, ಅಷ್ಟೇ. ಅಲ್ಲಿ ಕಳ್ಳರೂ ಇಲ್ಲ, ಜೈಲೂ ಇಲ್ಲ. ಕಳವು, ಹಲ್ಲೆ, ಮೋಸದಂಥ ಅಪರಾಧ ಕ್ರಿಮಿನಲ್. ಅಲ್ಲಿ ದೂರು ಕೊಟ್ಟವನು ಫಿರ್ಯಾದಿ, ದೂರಿಗೆ ಒಳಗಾದವನು ಆರೋಪಿ. ತಪ್ಪು ಸಾಬೀತಾದ ಮೇಲೆ ಮಾತ್ರ ಅಪರಾಧಿ. 'ಆರೋಪಿ' ಮತ್ತು 'ಅಪರಾಧಿ' ನಡುವೆ ಇಡೀ ವಿಚಾರಣೆಯೇ ಇದೆ.

ಅತ್ತೆಗೆ ಅವತ್ತು ಸಂಜೆ ನಾನು ಹೇಳಬೇಕಿದ್ದದ್ದು ಇದೊಂದೇ ಮಾತು. ಅದನ್ನು ಗಣೇಶನ ಹಬ್ಬದ ಹೊತ್ತಿಗೇ ಯಾರಾದರೂ ಹೇಳಿದ್ದರೆ ಅವರು ಮರುದಿನವೇ ಬಸ್ಸು ಹತ್ತುತ್ತಿದ್ದರು.

ಈ ಪದಗಳ ಮೂಲ ನೋಡಿದರೆ ನಮ್ಮ ದೋಆಬಿನ ಚರಿತ್ರೆಯೇ ಕಾಣುತ್ತದೆ. ಗಣಿಯಲ್ಲಿ ಇಳಿಯುವಾಗ ಬಂಡೆಯ ಪದರ ಒಂದರ ಕೆಳಗೊಂದು ಬರುವ ಹಾಗೆ. ವಾದಿ, ಸಾಕ್ಷಿ, ದಂಡ, ಪ್ರಮಾಣ ಸಂಸ್ಕೃತದವು, ಶಾಸನಗಳಲ್ಲೇ ಇವೆ. ದಾವೆ, ಫಿರ್ಯಾದಿ, ವಕೀಲ, ಜಪ್ತಿ, ಕಾಯ್ದೆ, ಕಾನೂನು ಇವು ಅರಬ್ಬಿ, ಪಾರಸಿ ಕಡೆಯಿಂದ ಬಹಮನಿ, ಆದಿಲಶಾಹಿ, ನಿಜಾಮರ ಕಾಲದ ಕಚೇರಿ ಮೂಲಕ ಬಂದವು. ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆಯಲ್ಲಿ ಕನ್ನಡ ಶಾಸನವೂ ಇದೆ, ಪಾರಸಿಯದೂ ಇದೆ. ಸಮನ್ಸ್, ನೋಟಿಸು, ಡಿಕ್ರಿ, ಉಯಿಲು ಇಂಗ್ಲಿಷಿನವು. ಜಮೀನು ಪಾರಸಿಯ ನೆಲ. ಜಾಮೀನು ಅರಬ್ಬಿಯಿಂದ ಬಂದ ಹೊಣೆಗಾರಿಕೆಯ ಪದ. ಒಂದು ದೀರ್ಘದ ವ್ಯತ್ಯಾಸದಲ್ಲಿ ಹೊಲ ಹೋಗಿ ಬೇಲ್ ಆಗುತ್ತದೆ.

ಸಮನ್ಸ್ ಮತ್ತು ಏಕಪಕ್ಷೀಯ

ಸಮನ್ಸ್ ಅಂದರೆ ಕೋರ್ಟಿನ ಕರೆ: ನಿಮ್ಮ ಮೇಲೆ ಹೀಗೊಂದು ದಾವೆ ಬಂದಿದೆ, ಇಂಥ ದಿನ ಬಂದು ನಿಮ್ಮ ಮಾತು ಹೇಳಿ. ಬಂದ ಮೇಲೆ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕಾರಣ ತೋರಿಸಿದರೆ ಕೋರ್ಟು 90 ದಿನದವರೆಗೆ ಸಮಯ ಕೊಡಬಹುದು. ತಗೊಳ್ಳೋಕೆ ನಿರಾಕರಿಸಿದರೆ ತಪ್ಪಿಸಿಕೊಂಡ ಹಾಗಾಗದು. ನಿರಾಕರಿಸಿದ್ದನ್ನೇ ತಲುಪಿದ ಹಾಗೆ ಕೋರ್ಟು ಪರಿಗಣಿಸಬಹುದು.

ಹೋಗದೇ ಇದ್ದರೆ ಬರುವ ಪದ ಏಕಪಕ್ಷೀಯ. ಒಬ್ಬರ ಮಾತಷ್ಟೇ ಕೇಳಿ ಮುಂದುವರಿಯೋದು. ಆದರೆ ಬಾಗಿಲು ಅಲ್ಲಿಗೇ ಮುಚ್ಚಲ್ಲ. ತೀರ್ಪಿಗೆ ಮೊದಲೇ ಸರಿಯಾದ ಕಾರಣ ಹೇಳಿ ಅರ್ಜಿ ಹಾಕಬಹುದು. ಏಕಪಕ್ಷೀಯ ಡಿಕ್ರಿಯೇ ಆಗಿಬಿಟ್ಟಿದ್ದರೆ ಅದನ್ನು ರದ್ದು ಮಾಡಿ ಅಂತ 30 ದಿನದೊಳಗೆ ಕೇಳಬಹುದು. ಸಮನ್ಸ್ ಸರಿಯಾಗಿ ತಲುಪಿರದಿದ್ದರೆ ಆ 30 ದಿನ ಡಿಕ್ರಿ ಗೊತ್ತಾದ ದಿನದಿಂದ ಲೆಕ್ಕ. ಹಳ್ಳಿಗಳಲ್ಲಿ ಹೊಲ ಕಳೆದುಕೊಂಡವರ ಕತೆ ಕೇಳಿದರೆ ಎಷ್ಟೋ ಸಲ ವಾದದಲ್ಲಿ ಸೋತದ್ದಲ್ಲ, ದಿನ ತಪ್ಪಿದ್ದು.

ತೀರ್ಪು ಬೇರೆ, ಡಿಕ್ರಿ ಬೇರೆ. ಹೀಗೆ ಯಾಕೆ ನಿರ್ಧರಿಸಿದೆವು ಎಂಬ ಕಾರಣಗಳಿರುವುದು ತೀರ್ಪು. ಯಾರಿಗೆ ಏನು ಸಿಗಬೇಕು ಎಂದು ಖಚಿತವಾಗಿ ಬರೆದ ಹಾಳೆ ಡಿಕ್ರಿ. ಜಾರಿಗೆ ತರುವುದು ಡಿಕ್ರಿಯನ್ನು. ಇದಕ್ಕೆ ಶಾಸನಗಳಲ್ಲಿ ಚೆಂದದ ಪದ ಇದೆ: ಜಯಪತ್ರ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಬಿಜ್ಜಳ ಏಕಾಂತದ ರಾಮಯ್ಯನಿಗೆ ಜಯಪತ್ರ ಕೊಟ್ಟ ಪ್ರಸಂಗ ಇದೆ. ಗೆದ್ದವನ ಕೈಗೆ ಕಾಗದ ಇರಬೇಕು ಅನ್ನುವ ತಿಳಿವಳಿಕೆ ಆಗಲೂ ಇತ್ತು.

ಕ್ರಯಪತ್ರ, ದಾನಪತ್ರ, ಮರಣಶಾಸನ, ಹಕ್ಕು ಬಿಡುಗಡೆ

ಒಂದು ದಾನಶಾಸನ ಹೇಗೆ ಇರುತ್ತದೆ ಅಂತ ಓದುಗರಿಗೆ ಗೊತ್ತೇ ಇದೆ. ಅರಸನ ಹೆಸರು, ಶಕ ವರ್ಷ, ಸಂವತ್ಸರ, ತಿಥಿ, ವಾರ. ಯಾರು ಯಾರಿಗೆ ಕೊಟ್ಟರು. ಎಷ್ಟು ಮತ್ತರು, ಎಷ್ಟು ಕಮ್ಮ, ಯಾವ ಕೋಲಿನ ಅಳತೆ. ಮೂಡಲು, ತೆಂಕಲು, ಪಡುವಲು, ಬಡಗಲು ಏನಿದೆ. ಕೊನೆಗೆ ಇದನ್ನು ಅಳಿದವನಿಗೆ ಶಾಪ, ಬರೆದವನ ಹೆಸರು, ಕಂಡರಿಸಿದವನ ಹೆಸರು.

ಈಗ ಮನೆಯ ಟ್ರಂಕಿನಲ್ಲಿರುವ ಕ್ರಯಪತ್ರ ತೆಗೆದು ನೋಡಿ. ದಿನಾಂಕ, ಕೊಡುವವರು, ಕೊಳ್ಳುವವರು, ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ, ಸಾಕ್ಷಿಗಳು, ಬರೆದವರ ರುಜು. ಅರಸನ ಪ್ರಶಸ್ತಿಯ ಜಾಗದಲ್ಲಿ ಛಾಪಾ ಕಾಗದ, ಶಾಪದ ಜಾಗದಲ್ಲಿ ನೋಂದಣಿ. ಚಕ್ಕುಬಂದಿ ಅಂದರೆ ಅದೇ ಹಳೆಯ ಚತುಸ್ಸೀಮೆ.

ಇವುಗಳಲ್ಲಿ ನಾಲ್ಕು ಪತ್ರಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಹಣಕ್ಕೆ ಮಾರಿದರೆ ಕ್ರಯಪತ್ರ. 1908ರ ನೋಂದಣಿ ಕಾಯ್ದೆ ಪ್ರಕಾರ 100 ರೂಪಾಯಿ ಮತ್ತು ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿ ಮಾರಾಟ ನೋಂದಣಿ ಆಗಲೇಬೇಕು. ಹಣವಿಲ್ಲದೆ ಪ್ರೀತಿಯಿಂದ ಕೊಟ್ಟರೆ ದಾನಪತ್ರ. ಶಾಸನಗಳಲ್ಲಿ 'ಧಾರಾಪೂರ್ವಕಂ' ಅಂತ ನೀರೆರೆದು ಕೊಡುತ್ತಿದ್ದರು. ಈಗ ಸ್ಥಿರಾಸ್ತಿಯಾದರೆ ನೋಂದಣಿ ಮತ್ತು ಇಬ್ಬರು ಸಾಕ್ಷಿ ಬೇಕು, ಪಡೆಯುವವರು ಒಪ್ಪಿಕೊಂಡಿರಬೇಕು. ನಾನು ಸತ್ತ ಮೇಲೆ ಇಂಥವರಿಗೆ ಅಂತ ಬರೆದರೆ ಉಯಿಲು ಅಥವಾ ಮರಣಶಾಸನ. ಇದಕ್ಕೂ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ, ಬದುಕಿರುವವರೆಗೆ ಬದಲಾಯಿಸಬಹುದು. ಕಲ್ಲಿನ ಶಾಸನ ಆಚಂದ್ರಾರ್ಕ, ಈ ಶಾಸನ ಮಾತ್ರ ಬರೆದವನ ಮನಸ್ಸು ಇದ್ದಂತೆ.

ನಾಲ್ಕನೆಯದು ಹಕ್ಕು ಬಿಡುಗಡೆ ಪತ್ರ. ನನ್ನ ಪಾಲು ನನಗೆ ಬೇಡ ಅಂತ ಬಿಟ್ಟುಕೊಡುವುದು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆಸಿ, ಸೀರೆ ಕೊಟ್ಟು, ಸುಮ್ಮನೆ ಒಂದು ಸಹಿ ಅಂತ ಮಾಡಿಸುವುದು ಬಹುಮಟ್ಟಿಗೆ ಇದೇ ಪತ್ರ. ಯಾವ ಪತ್ರಕ್ಕಾದರೂ ಹೆಬ್ಬೆಟ್ಟು ಒತ್ತುವ ಮೊದಲು ಅದರ ತಲೆಬರಹ ಓದಿಸಿ ಕೇಳಿ.

ಪಹಣಿ ಮತ್ತು ಭುಕ್ತಾನುಭೋಗ

ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಸುಮಾರು 725ರ ಒಂದು ಶಾಸನವಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ ಕೊಟ್ಟ 'ಆಚಾರವ್ಯವಸ್ಥೆ'. ಊರಿನ ಸಂವಿಧಾನ ಅಂತ ಕರೆದರೆ ದೊಡ್ಡ ತಪ್ಪಿಲ್ಲ. ಮನೆಗಳ ಅಂತಸ್ತು ನೋಡಿ ತೆರಿಗೆ, ಕಳವು ಮತ್ತಿತರ ತಪ್ಪಿಗೆ ದಂಡ ಎಲ್ಲ ಅಲ್ಲಿದೆ. ರಾಜಪುರುಷರು ಯಾವುದನ್ನು ಕಾಪಾಡಬೇಕು ಎಂಬ ಪಟ್ಟಿಯೂ ಇದೆ: ಅರಸನ ದತ್ತಿ, ಸತ್ಪುರುಷರ ಸಾಕ್ಷಿ, ಊರಿನ ಮರ್ಯಾದೆ, ತಾಮ್ರಶಾಸನ, ಭುಕ್ತಾನುಭೋಗ.

ಈ ಪಟ್ಟಿಯನ್ನು ಇವತ್ತಿನ ಭಾಷೆಗೆ ತಂದರೆ ಸಾಕ್ಷ್ಯ, ರೂಢಿ, ದಾಖಲೆ, ಸ್ವಾಧೀನ. ದಾಖಲೆ ಮತ್ತು ಸ್ವಾಧೀನ ಎರಡು ಬೇರೆ ಅಂತ 1300 ವರ್ಷದ ಹಿಂದೆಯೇ ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ. ನಾವು ಈಗಲೂ ಗೊಂದಲ ಮಾಡಿಕೊಳ್ಳುತ್ತೇವೆ.

ಪಹಣಿ ಕಂದಾಯ ಇಲಾಖೆಯ ದಾಖಲೆ. ಯಾರ ಹೆಸರಲ್ಲಿ ಇದೆ, ಯಾರು ಸಾಗು ಮಾಡುತ್ತಾರೆ, ಯಾವ ಬೆಳೆ, ಸಾಲ ಎಷ್ಟು ಅಂತ ತೋರಿಸುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಪ್ರಕಾರ ಬೇರೆ ಸಾಬೀತಾಗುವವರೆಗೆ ಅದನ್ನು ನಿಜ ಅಂತ ನಂಬಬೇಕು. ಆದರೆ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ, ಹೆಸರು ಹೋದ ಮಾತ್ರಕ್ಕೆ ಸಾಯುವುದೂ ಇಲ್ಲ. ಒಡೆತನ ಬರುವುದು ಕ್ರಯಪತ್ರ, ದಾನಪತ್ರ, ಉಯಿಲು, ವಾರಸಿಕೆ ಇಂಥವುಗಳಿಂದ. ಅದು ಆದ ಮೇಲೆ ಪಹಣಿಯಲ್ಲಿ ಹೆಸರು ಬದಲಿಸುವುದು ಮ್ಯುಟೇಶನ್.

ಭುಕ್ತಾನುಭೋಗದ ಇಂದಿನ ರೂಪ ಇನ್ನೊಂದಿದೆ: ಪ್ರತಿಕೂಲ ಸ್ವಾಧೀನ. ಇನ್ನೊಬ್ಬನ ಖಾಸಗಿ ಜಮೀನನ್ನು ನನ್ನದೇ ಅಂತ ಬಹಿರಂಗವಾಗಿ, ಬಿಡದೆ 12 ವರ್ಷ ಅನುಭವಿಸಿದರೆ ಒಡೆಯನು ಅದನ್ನು ವಾಪಸು ಕೇಳುವ ಅವಧಿಯೇ ಮುಗಿಯಬಹುದು. ಸರ್ಕಾರಿ ಜಮೀನಾದರೆ 30 ವರ್ಷ. ಬಾಡಿಗೆಗೆ ಅಥವಾ ಪಾಲಿಗೆ ಕೊಟ್ಟದ್ದು ಇದರಲ್ಲಿ ಬರಲ್ಲ. ಆದರೂ ದೂರದ ಊರಲ್ಲಿ ಇರುವವರು ತಮ್ಮ ಹೊಲದ ಬದುವಿಗೆ ಆಗಾಗ ಹೋಗಿ ಬರುವುದು ಒಳ್ಳೆಯದು.

ನಿಧಿ ನಿಕ್ಷೇಪ

ಗಣಿಯವನಾಗಿ ಇದೊಂದು ಪದ ಬಿಡಲಾರೆ. ಶಾಸನಗಳಲ್ಲಿ ಭೂಮಿ ಕೊಡುವಾಗ 'ಅಷ್ಟಭೋಗ' ಸಮೇತ ಕೊಡುತ್ತಾರೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದ ಕೆಳಗಿನ ಸಂಪತ್ತು, ನೀರು, ಕಲ್ಲು, ಮುಂದೆ ಹುಟ್ಟುವ ಆದಾಯ ಎಲ್ಲ ಸೇರಿ. ಅಂದರೆ ನೆಲದ ಮೇಲಿನ ಹಕ್ಕು ಒಂದೇ ಗಂಟಲ್ಲ, ಬಿಡಿಸಿ ಬಿಡಿಸಿ ಕೊಡಬಹುದಾದ ಎಳೆಗಳು ಅಂತ ಅವರಿಗೆ ಗೊತ್ತಿತ್ತು. ಈಗಲೂ ಹಾಗೆಯೇ. ಮೇಲಿನ ಹೊಲ ನಿಮ್ಮದಾದರೂ ಕೆಳಗೆ ಚಿನ್ನ ಇದೆ ಅಂತ ಅನುಮತಿ ಇಲ್ಲದೆ ಗಣಿಗಾರಿಕೆ ಮಾಡುವಂತಿಲ್ಲ. ಅದಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆ ಇದೆ. ಉಳುವಾಗ ಹಳೆಯ ನಾಣ್ಯದ ಗಡಿಗೆ ಸಿಕ್ಕರೆ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ.

ಅಪುತ್ರಿಕ

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ದಾವೆಯ ಸುದ್ದಿ ತಿಳಿದ ಮೇಲೆ ಊರಲ್ಲಿ ಕೆಲವರು ಅಂದ ಮಾತು: "ಮಕ್ಕಳಿಲ್ಲದಾಕಿಗೆ ಹೊಲ ಯಾಕ ಬೇಕು, ಅವರ ಮನಿತನಕ್ಕೆ ಹೋಗ್ಲಿ ಬಿಡ್ರಿ." ಇದು ಹಳೆಯ ಮಾತು. ಶಾಸನಗಳಲ್ಲಿ 'ಅಪುತ್ರಿಕ' ಅಂತ ಒಂದು ಬಾಬತ್ತು ಬರುತ್ತದೆ. ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ಅರಸನಿಗೋ, ಅರಸ ಬಿಟ್ಟುಕೊಟ್ಟ ದೇವಸ್ಥಾನಕ್ಕೋ ಸಂಸ್ಥೆಗೋ ಸೇರುತ್ತಿತ್ತು. ಹೆಂಡತಿಗೆ, ಹೆಣ್ಣುಮಕ್ಕಳಿಗೆ ಮೊದಲು ಸೇರಬೇಕು ಎಂಬ ಕಟ್ಟಳೆ ಇರುವ ಶಾಸನಗಳೂ ಇವೆ. ಅಂದರೆ ಈ ಜಗಳ ಆಗಲೂ ಇತ್ತು.

ಇವತ್ತಿನ ಕಾನೂನಿನಲ್ಲಿ ಎರಡು ಪದ ಮುಖ್ಯ: ಪಿತ್ರಾರ್ಜಿತ ಮತ್ತು ಸ್ವಯಾರ್ಜಿತ. ಹಿರಿಯರಿಂದ ಕುಟುಂಬಕ್ಕೆ ಬಂದದ್ದು ಪಿತ್ರಾರ್ಜಿತ, ತಾನು ದುಡಿದು ಕೊಂಡದ್ದು ಸ್ವಯಾರ್ಜಿತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿ ಮೊದಲು ಹೆಂಡತಿ, ಮಕ್ಕಳು, ತಾಯಿ ಇವರ ವರ್ಗಕ್ಕೆ ಸಮವಾಗಿ ಹೋಗುತ್ತದೆ. ಆ ವರ್ಗದಲ್ಲಿ ಹೆಂಡತಿ ಒಬ್ಬಳೇ ಉಳಿದಿದ್ದರೆ ಪೂರ್ತಿ ಅವಳಿಗೇ. ಅಣ್ಣನ ಮಗನ ಸರದಿ ಬಹಳ ಹಿಂದೆ. ಹಾಗೆ ಬಂದ ಆಸ್ತಿಗೆ ಅವಳು ಪೂರ್ಣ ಒಡತಿ, ಬದುಕಿರುವವರೆಗೆ ತಿನ್ನುವ ಹಕ್ಕಷ್ಟೇ ಅಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ದೇಶಕ್ಕೆಲ್ಲ 2005ರಲ್ಲಿ ಬಂತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ಪಾಲುಪಟ್ಟಿಗಳನ್ನು ಮಾತ್ರ ಮತ್ತೆ ತೆರೆಯುವಂತಿಲ್ಲ.

ದಾವೆಯ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ಪಟ್ಟಿಯಲ್ಲಿ, ಮಾವನ ಮನೆತನದ ಹೊಲವೂ, ಮಾವ ಒಬ್ಬರೇ ಕೊಂಡಿದ್ದ ನಾಲ್ಕು ಎಕರೆಯೂ ಒಂದೇ ಸಾಲಾಗಿ ಸೇರಿದ್ದವು. ಎಲ್ಲವೂ ಒಟ್ಟು ಕುಟುಂಬದ್ದು ಅಂತ ವಾದ. ಅತ್ತೆಯ ಟ್ರಂಕಿನಲ್ಲಿ ಸಮನ್ಸಿನ ಕೆಳಗೇ 1987ರ ಕ್ರಯಪತ್ರ ಇತ್ತು. ಇಲ್ಲಿ ಮಾತ್ರ ನನ್ನ ಹವ್ಯಾಸ ಕೆಲಸಕ್ಕೆ ಬಂತು. ಮಾಸಿದ ಅಕ್ಷರ ಬಿಡಿಸಿ ಚಕ್ಕುಬಂದಿ ಓದಿದೆ. ಪಡುವಲಿಗೆ ಹಳ್ಳ, ಬಡಗಲಿಗೆ ಬಂಡಿದಾರಿ. ಷೆಡ್ಯೂಲಿನ ಮೂರನೇ ಬಾಬತ್ತಿನ ಎಲ್ಲೆಯೂ ಅದೇ. ಶಾಸನದ ಸೀಮೆಯನ್ನು ನೆಲದ ಮೇಲೆ ಹುಡುಕುವ ಕೆಲಸಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ಕಾನೂನು ನೆರವು ಮತ್ತು ರಾಜಿ

ವಕೀಲರ ಖರ್ಚು ಹೇಗೆ ಅಂತ ಅತ್ತೆ ಚಿಂತೆ ಮಾಡಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿ ಇರುವವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯ ಮಿತಿ ಇಲ್ಲ. ನಮ್ಮ ಗಣಿ ಕಾರ್ಮಿಕರಲ್ಲೂ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಅತ್ತೆಗೆ ಹೀಗೆ ಒಬ್ಬ ವಕೀಲೆ ಸಿಕ್ಕರು. ಏಕಪಕ್ಷೀಯ ಅಂತ ಬರೆದಾಗಿತ್ತು, ತೀರ್ಪು ಆಗಿರಲಿಲ್ಲ. ಅರ್ಜಿ ಹಾಕಿದರು, ಸ್ವಲ್ಪ ವೆಚ್ಚ ಕಟ್ಟಿಸಿಕೊಂಡು ಕೋರ್ಟು ಒಪ್ಪಿತು. ಲಿಖಿತ ಹೇಳಿಕೆ ಹೋಗಿದೆ, ಕ್ರಯಪತ್ರ ಹೋಗಿದೆ. ಪ್ರಕರಣ ಇನ್ನೂ ನಡೆಯುತ್ತಿದೆ.

ರಾಜಿ ಮಾಡಿಕೊಳ್ಳಿ ಅನ್ನುವವರೂ ಇದ್ದಾರೆ. ರಾಜಿ ಕೆಟ್ಟ ಪದವಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬಿದ್ದ ತಕರಾರನ್ನು ಬುಕ್ಕರಾಯ ಇಬ್ಬರ ಕೈಯನ್ನೂ ಸೇರಿಸಿ ಬಗೆಹರಿಸಿದ. ಅದನ್ನು ಶ್ರವಣಬೆಳಗೊಳದಲ್ಲೂ ಮಾಗಡಿಯ ಕಲ್ಯದಲ್ಲೂ ಕಲ್ಲಿನಲ್ಲಿ ಬರೆಸಿದ್ದಾರೆ. ಇಂದಿನ ಲೋಕ ಅದಾಲತ್ ಕೂಡ ಇಬ್ಬರೂ ಒಪ್ಪಿದರೆ ಮಾತ್ರ. ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಹಾಗಾಗಿ ಏನು ಬಿಟ್ಟುಕೊಡುತ್ತಿದ್ದೇವೆ ಅಂತ ತಿಳಿದೇ ಒಪ್ಪಬೇಕು. ತಿಳಿಯದೆ ಒತ್ತಿದ ಹೆಬ್ಬೆಟ್ಟಿಗೆ ರಾಜಿ ಅನ್ನಲಾಗದು.

ಒಬ್ಬರೇ ಇದ್ದರೂ

ಪ್ರತ್ಯೇಕ ಶಾಸನದ ಕೊನೆಯಲ್ಲಿ ಒಂದು ಸೂಚನೆ ಇದೆ. ಇದನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು; ನಡುನಡುವೆ ಸಂದರ್ಭ ಬಂದರೆ ಒಬ್ಬನೇ ಇದ್ದರೂ ಕೇಳಿಸಬೇಕು. ಓದು ಬರದವರೇ ಹೆಚ್ಚಿದ್ದ ಕಾಲದಲ್ಲಿ ಕಲ್ಲು ನೆಟ್ಟರೆ ಮುಗಿಯಿತು ಅಂತ ಅವರು ಅಂದುಕೊಳ್ಳಲಿಲ್ಲ.

ಏಕಪಕ್ಷೀಯ ರದ್ದಾದ ದಿನ ಆದೇಶದ ಪ್ರತಿಯನ್ನು ಲಿಂಗಸುಗೂರಿನ ಬಸ್ ನಿಲ್ದಾಣದ ಕಟ್ಟೆ ಮೇಲೆ ಕೂತು ಅತ್ತೆಗೆ ಓದಿ ಹೇಳಿದೆ. ಎಲ್ಲ ಕೇಳಿ, "ಪ್ರತಿವಾದಿ ಅಂದ್ರ ಎದುರು ಮಾತಾಡಾಕಿ, ಹೌದಲ್ಲ?" ಅಂತ ಮತ್ತೊಮ್ಮೆ ಖಾತ್ರಿ ಮಾಡಿಕೊಂಡರು. ಹೌದು ಅತ್ತಿ ಅಂದೆ. ಈಗ ಅವರ ಓಣಿಯಲ್ಲಿ ಯಾರಿಗಾದರೂ ಕೋರ್ಟಿನ ಕಾಗದ ಬಂದರೆ ಮೊದಲು ಅತ್ತೆಯ ಹತ್ತಿರ ತರುತ್ತಾರಂತೆ. ಅತ್ತೆ ಓದಲಾರರು, ಆದರೆ ತಾರೀಖು ಯಾವುದು ಅಂತ ಮೊದಲು ಕೇಳುತ್ತಾರೆ.

ಮುಂದಿನ ಸಲ ನೀವು ಪಡಿಯಚ್ಚು ತೆಗೆಯಲು ಯಾವುದಾದರೂ ಹಳ್ಳಿಗೆ ಹೋದಾಗ ಶಾಸನ ಓದಿ ಹೇಳಿ ಸುಮ್ಮನೆ ಬರಬೇಡಿ. ಅಲ್ಲಿ ಯಾರದಾದರೂ ಟ್ರಂಕಿನಲ್ಲಿ ಓದಿಸಿಕೊಳ್ಳದ ಕಾಗದ ಇದೆಯಾ ಅಂತಲೂ ಕೇಳಿ.